ಹಿತ್ತಲಲ್ಲಿ ಬೆಳೆದ ಅಲಸಂದೆ ಕಾಳು ಎರಡೂವರೆ ತಿಂಗಳಿಗೆ ಹಿಟ್ಟಾಯಿತು: ನುಸಿ ಎಲ್ಲಿಂದ ಬಂತು?

ಹಿತ್ತಲಮನೆ, ಬಳ್ಳಾರಿ (ಡಿಸೆಂಬರ್ 21)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ ಹತ್ತು ಅಡಿಗೆ ಹನ್ನೆರಡು ಅಡಿಯಷ್ಟು ಮಸಾರಿ ಮಣ್ಣಿನ ಜಾಗವಿದೆ. ಇಷ್ಟು ವರ್ಷ ಅಲ್ಲಿ ಬದನೆ, ಬೆಂಡೆ, ಪುಂಡಿಪಲ್ಯ ಬೆಳೆಯುತ್ತಿದ್ದೆ. ಈ ವರ್ಷ ಹಸಿ ಕಾಯಿಗಾಗಿ ಅಲ್ಲ, ಒಣ ಕಾಳಿಗಾಗಿಯೇ ಅಲಸಂದೆ ಹಾಕೋಣವೆಂದು ತವರಿನಿಂದ ಬೀಜ ತಂದು ಮೃಗಶಿರಾ ಮಳೆಗೆ ಬಿತ್ತಿದೆ. ಗಿಡ ಚೆನ್ನಾಗಿ ಬಂದವು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಕಾಯಿ ಒಣಗುತ್ತಾ ಹೋದವು. ಎಲ್ಲವೂ ಒಣಗಲೆಂದು ಕಾದು, ಒಂದೇ ಸಲ ಕಿತ್ತು, ಮಳೆಯ ನಡುವೆ ಸಿಕ್ಕ ಮೂರು ದಿನದ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿ, ಬಡಿದು, ತೂರಿ, ತೂಕ ಮಾಡಿದಾಗ 1 ಕಿಲೋ 400 ಗ್ರಾಂ ಕಾಳು ದೊರೆಯಿತು. ಅದನ್ನು ಅಕ್ಟೋಬರ್ ಮೊದಲ ವಾರ ಒಣಗಿದ ಬೇವಿನ ಎಲೆಯೊಂದಿಗೆ ಸ್ಟೀಲ್ ಡಬ್ಬಿಗೆ ಹಾಕಿಟ್ಟೆ.

ಎಳ್ಳಮಾವಾಸ್ಯೆಗೆ ಉಸುಳಿ ಮಾಡೋಣವೆಂದು ನಿನ್ನೆ ಡಬ್ಬಿ ತೆಗೆದರೆ ಮೊದಲು ಬಂದದ್ದು ಕಮಟು ವಾಸನೆ. ಮೇಲೆಲ್ಲ ಕಂದು ಬಣ್ಣದ ಸಣ್ಣ ಹುಳಗಳು ಓಡಾಡುತ್ತಿದ್ದವು. ಕೈ ಹಾಕಿದರೆ ಕಾಳು ಹಗುರವಾಗಿ ಬೆಂಡಿನಂತೆ ಸಿಕ್ಕವು, ತಳದಲ್ಲಿ ಎರಡು ಬೆರಳಿನಷ್ಟು ಹಿಟ್ಟು ಕುಳಿತಿತ್ತು. ಅದೇ ಡಬ್ಬಿಯಲ್ಲಿ ಹಿಂದೆ ಜೋಳ ಇಟ್ಟಿದ್ದೆ, ಅದಕ್ಕೂ ಒಮ್ಮೆ ನುಸಿ ಹತ್ತಿತ್ತು. ಡಬ್ಬಿಯದೇ ದೋಷವೇ, ಅಥವಾ ನಾನು ಒಣಗಿಸಿದ್ದು ಸಾಲದೇ ಹೋಯಿತೇ, ತಿಳಿದವರು ಹೇಳಬೇಕು.

ಎರೆಹೊಲ, ಸಿಂಧನೂರು (ಡಿಸೆಂಬರ್ 21)

ಅಕ್ಕನವರೇ, ಡಬ್ಬಿಯದೇ ದೋಷ. ಹಳೆಯ ನುಸಿ ಮೂಲೆಯಲ್ಲಿ ಉಳಿದಿರುತ್ತದೆ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮುಂದಿನ ಸಲ ಕುಳ್ಳಿನ ಬೂದಿ ಬೆರೆಸಿ ಇಡಿರಿ.

ಕಾಳುಕಟ್ಟೆ, ರಾಯಚೂರು (ಡಿಸೆಂಬರ್ 22)

ಸಿಂಧನೂರಿನ ಅಣ್ಣನವರು ಬೂದಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಡಬ್ಬಿಯ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ನಾನು ಬಹಳ ವರ್ಷ ಕೃಷಿ ಸಹಾಯಕನಾಗಿ ಕೆಲಸ ಮಾಡಿದವನು. ಈ ಪ್ರಶ್ನೆಯನ್ನು ಕನಿಷ್ಠ ನೂರು ಮನೆಗಳಲ್ಲಿ ಕೇಳಿಸಿಕೊಂಡಿದ್ದೇನೆ.

ಜೋಳಕ್ಕೆ ಹತ್ತುವ ನುಸಿಯೇ ಬೇರೆ, ಅಲಸಂದೆ, ಹೆಸರು, ತೊಗರಿ, ಕಡಲೆಗೆ ಹತ್ತುವ ಹುಳವೇ ಬೇರೆ. ಜೋಳದ ನುಸಿಯ ಮುಖದಲ್ಲಿ ಆನೆಯ ಸೊಂಡಿಲಿನಂತೆ ಉದ್ದನೆಯ ಮೂತಿ ಇರುತ್ತದೆ. ಕಾಳಿನ ಹುಳಕ್ಕೆ ಆ ಮೂತಿ ಇರುವುದಿಲ್ಲ, ಮೈ ಮುಂದೆ ಕಿರಿದಾಗಿ ಹಿಂದೆ ಅಗಲವಾಗಿರುತ್ತದೆ, ರೆಕ್ಕೆಯ ಹೊದಿಕೆ ಹಿಂಭಾಗವನ್ನು ಪೂರ್ತಿ ಮುಚ್ಚುವುದಿಲ್ಲ. ಒಂದು ಹುಳವನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿದರೆ ಸಾಕು, ಜೋಳದ ಡಬ್ಬಿಯ ಮೇಲಿನ ಅಪವಾದ ತಪ್ಪುತ್ತದೆ.

ಈ ಕಾಳುಹುಳ ಡಬ್ಬಿಗೆ ಬರುವುದು ಬಹುಮಟ್ಟಿಗೆ ಹೊಲದಿಂದ, ತಮ್ಮ ಸಂಗತಿಯಲ್ಲಿ ಹಿತ್ತಲಿನಿಂದ. ಕಾಯಿ ಹಳದಿಗೆ ತಿರುಗಿ ಒಣಗಲು ಆರಂಭಿಸಿದಾಗ ತಾಯಿ ಹುಳ ಹಾರಿ ಬಂದು ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿ ಸಿಪ್ಪೆಯನ್ನು ಕೊರೆದು ಕಾಳಿನೊಳಗೆ ಹೊಕ್ಕರೆ ಹೊರಗೆ ಸೂಜಿಮೊನೆಯಷ್ಟು ತೂತು ಮಾತ್ರ ಉಳಿಯುತ್ತದೆ, ಅದೂ ಕಣ್ಣಿಗೆ ಬೀಳುವುದಿಲ್ಲ. ತಾವು ಬಡಿದು, ತೂರಿ, ಆರಿಸಿದರೂ ಆ ಕಾಳು ಗಟ್ಟಿಯಾಗಿ, ಅಂದವಾಗಿಯೇ ಕಾಣುವುದರಿಂದ ಒಳ್ಳೆಯ ಕಾಳಿನೊಂದಿಗೆ ಡಬ್ಬಿ ಸೇರುತ್ತದೆ. ಒಳಗೆ ತಿಂದು ಬೆಳೆದ ಹುಳ ಹೊರಬರುವ ಮುನ್ನ ಕಾಳಿನ ಸಿಪ್ಪೆಯನ್ನು ಒಳಗಿನಿಂದಲೇ ದುಂಡಗೆ ಕೊರೆದು ತೆಳುವಾಗಿಸುತ್ತದೆ. ಆಗ ಕಾಳಿನ ಮೇಲೆ ಮಬ್ಬಾದ ಕಿಟಕಿಯಂತಹ ಒಂದು ಗುರುತು ಕಾಣುತ್ತದೆ. ಅದನ್ನು ತಳ್ಳಿಕೊಂಡು ಹೊರಬಂದ ಹುಳ ಡಬ್ಬಿಯಲ್ಲಿ ಏನನ್ನೂ ತಿನ್ನುವುದಿಲ್ಲ. ಹತ್ತು ಹನ್ನೆರಡು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಡಬ್ಬಿಯೊಳಗೆ ಇಟ್ಟ ಮೊಟ್ಟೆ ನೇರ ಕಾಳಿನ ಮೈಗೆ ಅಂಟಿಕೊಂಡು, ಮಜ್ಜಿಗೆಯ ಹನಿ ಸಿಡಿದು ಒಣಗಿದಂತೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ.

ಲೆಕ್ಕ ಹಾಕಿರಿ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹುಳವಾಗಲು ಸುಮಾರು 25 ರಿಂದ 30 ದಿನ ಸಾಕು, ಒಂದು ಹೆಣ್ಣು 80 ರ ಆಸುಪಾಸು ಮೊಟ್ಟೆ ಇಡುತ್ತದೆ. ತಾವು ಡಬ್ಬಿಗೆ ಹಾಕಿದ ಕಾಳಿನಲ್ಲಿ ಹುಳುಕಾದವು ಬರೀ ಇಪ್ಪತ್ತು ಇದ್ದವೆಂದುಕೊಳ್ಳೋಣ. ಅದರಲ್ಲಿ ಹತ್ತು ಹೆಣ್ಣಾದರೂ ಮುಂದಿನ ಪೀಳಿಗೆ 800, ಅದರ ಮುಂದಿನದಕ್ಕೆ ಮೂವತ್ತು ಸಾವಿರ ಮೊಟ್ಟೆ. ನೂರು ಜವಾರಿ ಅಲಸಂದೆ ಕಾಳು ಹತ್ತು ಹನ್ನೊಂದು ಗ್ರಾಂ ತೂಗುತ್ತವೆ, ಅಂದರೆ ತಮ್ಮ ಡಬ್ಬಿಯಲ್ಲಿ ಇದ್ದದ್ದೇ ಹದಿಮೂರು ಸಾವಿರ ಕಾಳು. ಎಲ್ಲ ಮೊಟ್ಟೆಯೂ ಉಳಿಯುವುದಿಲ್ಲವಾದರೂ ಎರಡೂವರೆ ತಿಂಗಳಿಗೆ ಹಿಟ್ಟಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೇವಿನ ಎಲೆ ಹೊರಗಿನಿಂದ ಬರುವ ಹುಳವನ್ನು ಸ್ವಲ್ಪ ದೂರ ಇಡಬಹುದು. ಆಗಲೇ ಕಾಳಿನೊಳಗೆ ಕುಳಿತಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ.

ಹಿತ್ತಲಮನೆ, ಬಳ್ಳಾರಿ (ಡಿಸೆಂಬರ್ 23)

ರಾಯಚೂರಿನ ಹಿರಿಯರಿಗೆ ವಂದನೆಗಳು. ತಾವು ಹೇಳಿದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಪಕ್ಕದ ಮನೆಯ ಎಮ್ಮೆಗೆಂದು ಕಟ್ಟಿಟ್ಟಿದ್ದ ಅಲಸಂದೆ ಸಿಪ್ಪೆಯ ಚೀಲ ಇನ್ನೂ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ನಲವತ್ತು ಸಿಪ್ಪೆ ಎಣಿಸಿ ತೆಗೆದು, ಮೊಮ್ಮಗನ ಶಾಲೆಯ ಭೂತಗನ್ನಡಿಯಿಂದ ಒಂದೊಂದನ್ನೇ ನೋಡಿದೆ. ಹನ್ನೊಂದರ ಮೇಲೆ ಬಿಳಿ ಚುಕ್ಕೆಗಳಿದ್ದವು, ಒಂದರ ಮೇಲಂತೂ ಏಳು. ಆ ಚುಕ್ಕೆ ಉಗುರಿನಿಂದ ಕೆರೆದರೂ ಬೇಗ ಬಿಡಲಿಲ್ಲ, ಬಿಟ್ಟ ಕಡೆ ಕೆಳಗೆ ಸೂಜಿ ಚುಚ್ಚಿದಂತಹ ತೂತು. ಹುಳಕ್ಕೆ ಮೂತಿಯೂ ಇಲ್ಲ. ಡಬ್ಬಿಯನ್ನು ಸುಮ್ಮನೆ ದೂರಿದೆನಲ್ಲ ಎನಿಸಿತು.

ಹಾಗಾದರೆ ನಾನು ಎಲ್ಲ ಕಾಯಿಯೂ ಒಣಗಲೆಂದು ಮೂರು ವಾರ ಗಿಡದ ಮೇಲೆಯೇ ಬಿಟ್ಟದ್ದು ಹುಳವನ್ನು ಕರೆದು ಕೂರಿಸಿದಂತಾಯಿತೇ?

ಕಾಳುಕಟ್ಟೆ, ರಾಯಚೂರು (ಡಿಸೆಂಬರ್ 23)

ಹೌದು. ಅಲಸಂದೆಯ ಕಾಯಿ ಒಂದೇ ಸಲಕ್ಕೆ ಒಣಗುವುದಿಲ್ಲ. ಹೊಲದವರು ಕೂಲಿಯ ಲೆಕ್ಕದಿಂದ ಗಿಡವನ್ನೇ ಕಿತ್ತು ಒಣಹಾಕುತ್ತಾರೆ, ಹಿತ್ತಲಿನವರಿಗೆ ಆ ಬಲವಂತವಿಲ್ಲ. ಕಾಯಿ ಹಸಿರು ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ಬಂದು, ಒತ್ತಿದರೆ ಸದ್ದು ಮಾಡುವ ಹೊತ್ತಿಗೆ ಬಿಡಿಸಬೇಕು. ಮೂರು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಸಾಕು. ಬಿಸಿಲೇರಿದ ಮೇಲೆ ಹೋದರೆ ಮುಟ್ಟುತ್ತಲೇ ಕಾಯಿ ಸಿಡಿದು ಕಾಳು ನೆಲಕ್ಕೆ ಬೀಳುತ್ತವೆ.

ಮಳೆನಕ್ಷತ್ರ, ಕೊಪ್ಪಳ (ಡಿಸೆಂಬರ್ 25)

ಹುಳದ ಮಾತು ಸರಿಯಾಗಿದೆ. ಆದರೆ ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ ಒಂದು ಸಂಗತಿ ಇದೆ. ಅದು ಬಿತ್ತಿದ ಕಾಲ.

ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಕಡೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಮಲೆನಾಡಿನವರಿಗೆ ಜುಲೈ ಹೇಗೋ ನಮಗೆ ಹುಬ್ಬಾ, ಉತ್ತರಾ ಮಳೆಗಳು ಹಾಗೆ. ಮೃಗಶಿರಾಕ್ಕೆ ಬಿತ್ತಿದ ಅಲಸಂದೆ ಎಂಬತ್ತು ತೊಂಬತ್ತು ದಿನಕ್ಕೆ ಒಣಗುತ್ತದೆ ಎಂದರೆ ಸರಿಯಾಗಿ ಆ ಮಳೆಯ ಬಾಯಿಗೆ ಕಾಯಿ ಕೊಟ್ಟಂತೆ. ಒಣಗಿದ ಕಾಯಿ ಪುನಃ ನೆನೆಯುತ್ತದೆ, ಒಳಗೆ ಕಾಳು ಬೂಸಲು ಹಿಡಿಯುತ್ತದೆ, ಎರಡು ದಿನ ಮೋಡ ಕವಿದರೆ ಗಿಡದ ಮೇಲೆಯೇ ಮೊಳಕೆ ಒಡೆಯುತ್ತದೆ. ಹಸಿ ಕಾಯಿ ಬೇಕಾದವರಿಗೆ ಜೂನ್ ಬಿತ್ತನೆ ಸರಿಯೇ. ಒಣ ಕಾಳು ಬೇಕಾದವರು ಕಾಯಿ ಒಣಗುವ ದಿನವನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ನನ್ನ ಮನೆಯಲ್ಲಿ ಮಘಾ ಮಳೆಗೆ, ಅಂದರೆ ಆಗಸ್ಟ್ 16 ರಿಂದ 30 ರ ಒಳಗೆ ಅಲಸಂದೆ ಬಿತ್ತುತ್ತೇನೆ. ಸೆಪ್ಟೆಂಬರ್ ಮಳೆ ಗಿಡ ಬೆಳೆಸುತ್ತದೆ, ಅಕ್ಟೋಬರಿನಲ್ಲಿ ಹೂವು ಕಾಯಿ, ಸ್ವಾತಿ ಮುಗಿಯುವ ನವೆಂಬರ್ ಮೊದಲ ವಾರದಿಂದ ಒಣ ಹವೆಯಲ್ಲಿ ಕಾಯಿ ತಾನಾಗಿ ಒಣಗುತ್ತದೆ. ಇಳುವರಿ ಸ್ವಲ್ಪ ಕಡಿಮೆಯೇ ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಚಿತ್ತಾ ಮಳೆ ಕೈಕೊಟ್ಟರೆ ಎರಡು ಮೂರು ಸಲ ನೀರು ಹಾಯಿಸಬೇಕು.

ಮಡಕಿ, ಹುರುಳಿಗಳಿಗಂತೂ ಹಿಂಗಾರಿನ ಬದಿಯೇ ವಾಸಿ. ಹುರುಳಿ ಈ ಕಡೆಯ ಮಣ್ಣಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು ಗುಡ್ಡದ ಉತ್ಖನನದಲ್ಲಿ ನವಶಿಲಾಯುಗದವರು ಬಿಟ್ಟುಹೋದ ಸುಟ್ಟು ಕರಿಕಾದ ಹುರುಳಿ ಮತ್ತು ಹೆಸರು ಕಾಳು ದೊರೆತಿವೆ. ಮೂರೂವರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು ಅದು. ಅವರೂ ಮಳೆ ನೋಡಿಯೇ ಬಿತ್ತಿರಬೇಕು.

ತಾರಸಿಗಿಡ, ಸಿರುಗುಪ್ಪ (ಡಿಸೆಂಬರ್ 26)

ನಾನು ಹೊಸಬ, ಸಣ್ಣ ಪ್ರಶ್ನೆ. ಮಾರ್ಚ್ ತಿಂಗಳಲ್ಲಿ ಹದಿನಾರು ಕುಂಡಗಳಲ್ಲಿ ರಾಜ್ಮಾ ಹಾಕಿದ್ದೆ. ಗಿಡ ಬಂದವು, ಹೂವೂ ಬಂದವು, ಆದರೆ ಎಲ್ಲ ಹೂವು ಉದುರಿ ಒಂದೂ ಕಾಯಿ ಕಟ್ಟಲಿಲ್ಲ. ಜೂನ್‌ನಲ್ಲಿ ಅವರೆ ಹಾಕಿದೆ. ಅದು ತಾರಸಿಯ ಕಂಬಿಯನ್ನೆಲ್ಲ ಹಬ್ಬಿತು, ನವೆಂಬರ್‌ವರೆಗೆ ಹೂವೇ ಇಲ್ಲ. ಗೊಬ್ಬರ ಕಡಿಮೆಯಾಯಿತೆಂದು ಅಂಗಡಿಯವರ ಮಾತಿನಂತೆ ಎರಡು ಸಲ ಯೂರಿಯಾ ಹಾಕಿದೆ.

ಕಾಳುಕಟ್ಟೆ, ರಾಯಚೂರು (ಡಿಸೆಂಬರ್ 26)

ತಮ್ಮಾ, ಎರಡೂ ಬೇರೆ ಬೇರೆ ಕಾರಣ.

ರಾಜ್ಮಾ ಎಂಬುದು ನಾವು ಹಸಿಯಾಗಿ ತಿನ್ನುವ ಹುರುಳಿಕಾಯಿಯ (ಬೀನ್ಸ್) ಜಾತಿಯದೇ, ಅಮೆರಿಕ ಖಂಡದ ಗಿಡ. ಹಗಲಿನ ಬಿಸಿ 30 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಟ್ಟು ಹೂವು ಉದುರುತ್ತದೆ. ನಮ್ಮಲ್ಲಿ ಮಾರ್ಚ್ ಕೊನೆಗೇ ನಲವತ್ತರ ಹತ್ತಿರ ಹೋಗುತ್ತದೆ, ಅದರ ಮೇಲೆ ತಾರಸಿಯ ಕಾಂಕ್ರೀಟಿನ ಕಾವು ಬೇರೆ. ಹಾಕಲೇಬೇಕೆಂದರೆ ಅಕ್ಟೋಬರ್ ಕೊನೆಗೆ ಹಾಕು, ಚಳಿಯಲ್ಲಿ ಹೂ ಬಿಟ್ಟು ಫೆಬ್ರವರಿ ಹೊತ್ತಿಗೆ ಒಣಗುತ್ತದೆ.

ಜವಾರಿ ಅವರೆ ಹಗಲು ಚಿಕ್ಕದಾಗುವುದನ್ನು ಕಾಯುವ ಗಿಡ. ಜೂನ್‌ನಲ್ಲಿ ಹಾಕಿದರೂ ಸೆಪ್ಟೆಂಬರ್‌ನಲ್ಲಿ ಹಾಕಿದರೂ ಅದು ಹೂ ಬಿಡುವುದು ಚಳಿಗಾಲದ ಬಾಗಿಲಲ್ಲೇ, ಆದ್ದರಿಂದ ಆರಂಭದ ಮೂರು ನಾಲ್ಕು ತಿಂಗಳು ನೀನು ಬರೀ ಬಳ್ಳಿ ಸಾಕಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಈ ಹಂಗಿಲ್ಲ. ಅವು ಗಿಡ್ಡ ಗಿಡಗಳು, ಕುಂಡಕ್ಕೂ ಒಗ್ಗುತ್ತವೆ.

ಯೂರಿಯಾ ಹಾಕಿದ್ದು ತಪ್ಪು. ದ್ವಿದಳ ಗಿಡದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಮೇಲಿನಿಂದ ಸುರಿದರೆ ಆ ಗಂಟುಗಳು ಕೆಲಸ ಬಿಡುತ್ತವೆ, ಗಿಡ ಸೊಪ್ಪಿಗೆ ಹೋಗುತ್ತದೆ. ಬಿತ್ತಿದ ಮೂವತ್ತೈದು ದಿನಕ್ಕೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ, ನೀರಿನಲ್ಲಿ ಅದ್ದಿ, ಗಂಟೊಂದನ್ನು ಉಗುರಿನಿಂದ ಸೀಳಿ ನೋಡು. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ದುಡಿಯುತ್ತಿದೆ. ಬೆಳ್ಳಗೆ ಅಥವಾ ಹಸಿರಾಗಿದ್ದರೆ ದುಡಿಯುತ್ತಿಲ್ಲ. ಹಾಗಿದ್ದಾಗ ಮುಂದಿನ ಬಿತ್ತನೆಯಲ್ಲಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ, ಅಂದರೆ ಅದೇ ಸೂಕ್ಷ್ಮಾಣುಗಳ ಗೊಬ್ಬರ, ಲೇಪಿಸಿ, ನೆರಳಲ್ಲಿ ಒಣಗಿಸಿ ಹಾಕು.

ಕಾಲುವೆಬದಿ, ಗಂಗಾವತಿ (ಡಿಸೆಂಬರ್ 28)

ರಾಜ್ಮಾದ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ತುಂಗಭದ್ರಾ ಕಾಲುವೆಯ ಬದಿಯ ಊರುಗಳಲ್ಲಿ ಎಷ್ಟೋ ಹಿತ್ತಲುಗಳಿಗೆ ಸವುಳು ಏರಿದೆ, ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಅರಳಿರುತ್ತದೆ. ಹುರುಳಿಕಾಯಿ ಮತ್ತು ರಾಜ್ಮಾ ಉಪ್ಪನ್ನು ಬಹಳ ಬೇಗ ಸೋಲುವ ಬೆಳೆಗಳು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆಯುವ ಲವಣದ ಅಂಕಿ (ಇ.ಸಿ.) 1 ದಾಟಿದರೆ ಅವುಗಳ ಇಳುವರಿ ಇಳಿಯತೊಡಗುತ್ತದೆ, ಅಲಸಂದೆ ಹೆಚ್ಚು ಕಡಿಮೆ 5 ರವರೆಗೆ ತಡೆಯುತ್ತದೆ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಬಗ್ಗೆಯೇ ಕೆಲಸ ನಡೆಯುತ್ತದೆ. ಬೀಜ ಕೊಳ್ಳುವ ಮೊದಲು ಒಂದು ಹಿಡಿ ಮಣ್ಣು, ಒಂದು ಬಾಟಲಿ ನೀರು ಪರೀಕ್ಷೆಗೆ ಕೊಟ್ಟರೆ ವರ್ಷ ಉಳಿಯುತ್ತದೆ. ನಾನು ಎರಡು ವರ್ಷ ರಾಜ್ಮಾದ ಹಿಂದೆ ಅಲೆದ ಮೇಲೆ ಈ ಪರೀಕ್ಷೆ ಮಾಡಿಸಿದವನು.

ಎರೆಹೊಲ, ಸಿಂಧನೂರು (ಡಿಸೆಂಬರ್ 28)

ಎರೆಮಣ್ಣಿನವರು ಏರುಮಡಿ ಮಾಡಿಕೊಳ್ಳದೆ ಬಿತ್ತಬೇಡಿರಿ. ಒಂದು ದಿನ ನೀರು ನಿಂತರೂ ಬುಡ ಕೊಳೆಯುತ್ತದೆ.

ಡಬ್ಬಿಯ ವಿಷಯದಲ್ಲಿ ನಾನು ಸೋತೆ. ಆದರೆ ಔಡಲ (ಹರಳು) ಎಣ್ಣೆಯ ವಿಷಯ ಯಾರೂ ಎತ್ತಲಿಲ್ಲವಲ್ಲ? ನಮ್ಮ ಅವ್ವ ತೊಗರಿಗೂ ಗೋದಿಗೂ ಔಡಲ ಎಣ್ಣೆ ಸವರದೆ ಗುಡಾಣಕ್ಕೆ ಹಾಕುತ್ತಿರಲಿಲ್ಲ. ಬೀಜದ ತೊಗರಿಗಾದರೆ ಕೆಮ್ಮಣ್ಣು ಕಟ್ಟುತ್ತಿದ್ದಳು.

ಕಾಳುಕಟ್ಟೆ, ರಾಯಚೂರು (ಡಿಸೆಂಬರ್ 29)

ಅವ್ವನವರು ಮಾಡಿದ್ದು ಪಕ್ಕಾ ಕೆಲಸ. ಕಿಲೋ ಕಾಳಿಗೆ ಒಂದು ಚಹಾ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆ ಸಾಕು. ಎಣ್ಣೆ ಹತ್ತಿದ ಕಾಳಿನ ಮೇಲೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಉಸಿರು ಕಟ್ಟಿ ಸಾಯುತ್ತದೆ. ಬೂದಿ ಮತ್ತು ಕೆಮ್ಮಣ್ಣು ಕಾಳುಗಳ ನಡುವಿನ ಸಂದು ತುಂಬಿ ಹುಳಕ್ಕೆ ಓಡಾಡಲು ದಾರಿ ಕೊಡುವುದಿಲ್ಲ. ಈ ಹುಳ ಮೊಟ್ಟೆಯಿಡಲು ಬಯಸುವುದು ಇಡೀ ಕಾಳನ್ನೇ. ಆದ್ದರಿಂದಲೇ ತೊಗರಿಯನ್ನು ಬೇಳೆ ಮಾಡಿಟ್ಟವರಿಗೆ ಈ ಕಾಟ ಕಡಿಮೆ. ಆದರೆ ಇವೆಲ್ಲ ಮುಂದಿನ ಪೀಳಿಗೆಗೆ ಹಾಕುವ ಬೇಲಿ. ಒಳಗಿರುವ ಮರಿಯನ್ನು ಕೊಲ್ಲಬೇಕಾದರೆ ಶಾಖ ಬೇಕು, ಇಲ್ಲವೇ ಗಾಳಿ ಕಟ್ಟಬೇಕು.

ಶಾಖಕ್ಕೆ ನಮ್ಮ ಬಿಸಿಲೇ ಸಾಕು, ಬರೀ ಹರವಿದರೆ ಮಾತ್ರ ಸಾಲದು. ಮಾಳಿಗೆಯ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಂದೆರಡು ಕಾಳಿನ ದಪ್ಪಕ್ಕೆ ಅಲಸಂದೆ, ಮೇಲೆ ತಿಳಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ನಾಲ್ಕೂ ಅಂಚಿಗೆ ಕಲ್ಲಿಡಬೇಕು. ಒಳಗೆ 57 ಡಿಗ್ರಿ ಒಂದು ಗಂಟೆ ನಿಂತರೆ ಮೊಟ್ಟೆ, ಮರಿ, ಹುಳ ಯಾವುದೂ ಉಳಿಯುವುದಿಲ್ಲ. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಬಿಟ್ಟರೆ ನವೆಂಬರ್ ಬಿಸಿಲಿನಲ್ಲೂ ಅಷ್ಟು ಕಾಯುತ್ತದೆ. ಹೀಗೆ ಮಾಡುವ ಮೊದಲೇ ಕಾಳು ಒಣಗಿರಬೇಕು. ಹಸಿ ಇದ್ದರೆ ಒಳಗೆ ಬೆವರಿ ಕೆಡುತ್ತದೆ.

ಗಾಳಿ ಕಟ್ಟುವ ಉಪಾಯ ಇನ್ನೂ ಸುಲಭ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮೂರು ಪದರದ ಚೀಲವನ್ನು ರೂಪಿಸಿದರು. ಗಾಳಿಯಾಡದಂತೆ ಕಟ್ಟಿದರೆ ಒಳಗಿನ ಹುಳಗಳೇ ಇದ್ದ ಆಮ್ಲಜನಕವನ್ನು ಉಸಿರಾಡಿ ಮುಗಿಸಿ, ತಿನ್ನುವುದನ್ನು ನಿಲ್ಲಿಸಿ ಸಾಯುತ್ತವೆ. ಅಲಸಂದೆ ಆಫ್ರಿಕಾ ಮೂಲದ ಕಾಳು, ಅದರ ಮದ್ದೂ ಅಲ್ಲಿಂದಲೇ ಬಂತು. ನಮ್ಮ ಒಂದೂವರೆ ಕಿಲೋ ಕಾಳಿಗೆ ಚೀಲ ಏಕೆ? ತಂಪು ಪಾನೀಯದ ಎರಡು ಖಾಲಿ ಬಾಟಲಿಗಳನ್ನು ತೊಳೆದು ಒಣಗಿಸಿ, ನೆಲಕ್ಕೆ ಕುಟ್ಟುತ್ತಾ ಕುತ್ತಿಗೆಯವರೆಗೆ ತುಂಬಿ, ಮುಚ್ಚಳ ಬಿಗಿದರೆ ಆಯಿತು. ಅರ್ಧ ತುಂಬಿಟ್ಟರೆ, ದಿನವೂ ತೆರೆದರೆ ಇದು ನಡೆಯುವುದಿಲ್ಲ.

ಹಿತ್ತಲಮನೆ, ಬಳ್ಳಾರಿ (ಡಿಸೆಂಬರ್ 30)

ಕಾಳು ಪೂರ್ತಿ ಒಣಗಿದೆ ಎಂಬುದನ್ನು ಮನೆಯಲ್ಲಿ ತಿಳಿಯುವುದು ಹೇಗೆ? ನಾನು ಹಲ್ಲಿನಿಂದ ಕಚ್ಚಿ ನೋಡುತ್ತೇನೆ. ಈಗ ಹಲ್ಲಿನ ಮೇಲೆ ಅಷ್ಟು ನಂಬಿಕೆ ಉಳಿದಿಲ್ಲ.

ಮಳೆನಕ್ಷತ್ರ, ಕೊಪ್ಪಳ (ಡಿಸೆಂಬರ್ 30)

ಅಕ್ಕನವರೇ, ಉಪ್ಪಿನ ಪರೀಕ್ಷೆ ಮಾಡಿರಿ. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು ಚಮಚ, ಒಂದು ಹಿಡಿ ಕಾಳು, ಇವೆರಡನ್ನೂ ಒಣ ಗಾಜಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿರಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ನೂರಕ್ಕೆ 15 ಕ್ಕಿಂತ ಹೆಚ್ಚಿದೆ. ಅಂಟದೆ ಉದುರಿದ ಮೇಲೂ ಇನ್ನೆರಡು ದಿನ ಒಣಗಿಸುವುದು ಕ್ಷೇಮ, ಏಕೆಂದರೆ ಗಾಳಿಯಾಡದ ಬಾಟಲಿಗೆ ಹಾಕುವ ಕಾಳಿನ ತೇವ 12 ರ ಕೆಳಗೆ ಇರಬೇಕು. ಕೊನೆಗೆ ಒಂದು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಚಪ್ಪಟೆಯಾದರೆ ಹಸಿ, ಸಿಡಿದು ಚೂರಾದರೆ ಒಣ.

ಕಾಲುವೆಬದಿ, ಗಂಗಾವತಿ (ಜನವರಿ 2)

ಕಾಳು ಬೇಯದಿದ್ದರೆ ಕಾಳನ್ನು ಬೈಯುವ ಮೊದಲು ನೀರನ್ನು ನೋಡಿರಿ. ಕೊಳವೆಬಾವಿಯ ಗಡಸು ನೀರಿನ ಸುಣ್ಣದ ಅಂಶ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ನೆನೆಯಿಡಲು, ಬೇಯಿಸಲು ಸಿಹಿನೀರು ಬಳಸಿ, ಹುಣಸೆಹುಳಿಯನ್ನು ಕಾಳು ಮೆತ್ತಗಾದ ಮೇಲೆಯೇ ಹಾಕಿರಿ. ರಾಜ್ಮಾ ಬೆಳೆಯುವವರಿಗೆ ಒಂದು ಎಚ್ಚರಿಕೆಯ ಮಾತು ಇದೆ. ಅರೆಬೆಂದ ರಾಜ್ಮಾದಲ್ಲಿರುವ ಒಂದು ವಿಷಾಂಶ ವಾಂತಿ ಭೇದಿ ತರಿಸುತ್ತದೆ. ರಾತ್ರಿ ನೆನೆಯಿಟ್ಟು, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕುದಿಕುದಿ ಕುದಿಸಬೇಕು. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವವರಿಗೆ ಈ ಚಿಂತೆ ಇಲ್ಲ.

ಹಿತ್ತಲಮನೆ, ಬಳ್ಳಾರಿ (ಮರು ವರ್ಷ, ಫೆಬ್ರವರಿ 11)

ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಆಗಸ್ಟ್ 20 ಕ್ಕೆ, ಮಘಾ ಮಳೆಯಲ್ಲಿ ಅದೇ ಜಾಗಕ್ಕೆ ಅಲಸಂದೆ ಬಿತ್ತಿದೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ. ಅಕ್ಟೋಬರಿನಲ್ಲಿ ಮಳೆ ಬಾರದೆ ಮೂರು ಸಲ ನೀರು ಹಾಯಿಸಿದೆ. ಒಮ್ಮೆ ಕುಡಿಗಳಿಗೆ ಕರಿ ಹೇನು ಹತ್ತಿದಾಗ ಆ ಕುಡಿಗಳನ್ನೇ ಚಿವುಟಿ ಹಾಕಿ, ಉಳಿದ ಗಿಡಕ್ಕೆ ಬೇವಿನ ಬೀಜದ ಕಷಾಯ ಹೊಡೆದೆ. ನವೆಂಬರ್ 6 ರಿಂದ ಮೂರು ದಿನಕ್ಕೊಮ್ಮೆಯಂತೆ ಎಂಟು ಸಲ ಕಾಯಿ ಬಿಡಿಸಿದೆ. ಒಟ್ಟು 1 ಕಿಲೋ 150 ಗ್ರಾಂ ಬಂತು, ಹೋದ ವರ್ಷಕ್ಕಿಂತ ಕಾಲು ಕಿಲೋ ಕಡಿಮೆ. ಕೊಪ್ಪಳದವರು ಮೊದಲೇ ಹೇಳಿದ್ದರು.

ನಲವತ್ತು ಸಿಪ್ಪೆಗಳನ್ನು ಈ ಸಲವೂ ಎಣಿಸಿ ನೋಡಿದೆ. ಮೂರರ ಮೇಲೆ ಮಾತ್ರ ಚುಕ್ಕೆಯಿತ್ತು.

ಕಾಳನ್ನು ಮೂರು ಪಾಲು ಮಾಡಿದೆ. ದೊಡ್ಡ ಪಾಲನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ಎರಡು ಮಧ್ಯಾಹ್ನ ಕಾಯಿಸಿ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿದೆ. ಎರಡನೆಯದಕ್ಕೆ ಔಡಲ ಎಣ್ಣೆ ಸವರಿ ಸ್ಟೀಲ್ ಡಬ್ಬಿಗೆ ಹಾಕಿದೆ. ಮೂರನೆಯದು ಒಂದೇ ಹಿಡಿ. ಅದನ್ನು ಏನೂ ಮಾಡದೆ ಬೇವಿನ ಎಲೆಯೊಂದಿಗೆ ಸಣ್ಣ ಡಬ್ಬಿಯಲ್ಲಿಟ್ಟೆ. ಇಂದು ಮೂರನ್ನೂ ತೆರೆದೆ. ಬಾಟಲಿಯ ಕಾಳನ್ನು ಪರಾತದಲ್ಲಿ ಸುರಿದು ಹುಡುಕಿದರೂ ಒಂದೂ ತೂತು ಸಿಗಲಿಲ್ಲ. ಎಣ್ಣೆ ಸವರಿದ್ದರಲ್ಲಿ ಆರು ತೂತಿನ ಕಾಳು, ತಳದಲ್ಲಿ ನಾಲ್ಕು ಸತ್ತ ಹುಳ ಇದ್ದವು, ಕಾಳಿನ ಮೇಲೆ ಬಿಳಿ ಚುಕ್ಕೆ ಎಲ್ಲೂ ಇರಲಿಲ್ಲ. ಬೇವಿನ ಎಲೆಯ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಅದೇ ಕಮಟು ವಾಸನೆ ಬಂತು. ಅದನ್ನು ಎಮ್ಮೆಗೂ ಕೊಡದೆ ಒಲೆಗೆ ಹಾಕಿದೆ.

ಎಣ್ಣೆ ಸವರಿದ ಕಾಳನ್ನು ಇಂದೇ ನೆನೆಯಿಟ್ಟಿದ್ದೇನೆ, ನಾಳೆ ರೊಟ್ಟಿಯ ಜೊತೆಗೆ ಪಲ್ಯ. ಬಾಟಲಿಯದರಲ್ಲಿ ಕಾಲು ಕಿಲೋ ಬೀಜಕ್ಕೆಂದು ಬಿಗಿದಿಟ್ಟಿದ್ದೇನೆ. ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ನೋಡಿದ್ದಾಗಿದೆ, ಒಂಬತ್ತು ಮೊಳೆತವು. ಸಿರುಗುಪ್ಪದ ತಮ್ಮನವರು ಮುಂದಿನ ಮಘಾ ಮಳೆಯೊಳಗೆ ಬಳ್ಳಾರಿಗೆ ಬಂದರೆ ಒಂದು ಲೋಟ ಬೀಜ ಕೊಡುತ್ತೇನೆ. ಬರುವಾಗ ಮುಚ್ಚಳ ಸರಿಯಿರುವ ಬಾಟಲಿ ಅವರೇ ತರಬೇಕು.